ಲೈನಿಂಗ್ ಅಂದರೆ ಬಣ್ಣ ಕೇಳಿದವಳು

ನಾನು ನಿವೃತ್ತಳಾದ ಎರಡನೇ ವಾರ ಅಶ್ವಿನಿಯ ಫೋನ್ ಬಂತು. ಕುಂದಾಪುರದ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ ನಾನು ಮೂವತ್ತೊಂದು ವರ್ಷ ನಿಂತ ಕೌಂಟರಿನಲ್ಲಿ ಈಗ ನಿಂತಿರುವವಳು ಅವಳು. ಕಂಪ್ಯೂಟರ್ ಗೊತ್ತು, ಇಂಗ್ಲಿಷ್ ಗೊತ್ತು, ಚುರುಕಿನ ಹುಡುಗಿ. ಆದರೆ ಅವತ್ತು ಅವಳ ದನಿ ಅಳುವ ಹಾಗಿತ್ತು.

“ಸರೋಜಕ್ಕ, ಒಬ್ರ್ ಆಟೋದವ್ರ್ ಬಂದ್ ‘ಸೆಲ್ಫ್ ತಕಣ್ತಿಲ್ಲೆ’ ಅಂದ್ರ್. ಸೆಲ್ಫಿ ತೆಗೂಕ್ ಆತಿಲ್ಲೆ ಅಂತ ಹೇಳ್ತಿದ್ರ್ ಅಂದ್ಕಂಡ್ ನಾನ್ ಎದ್ರ್ ಮೊಬೈಲ್ ಅಂಗ್ಡಿಗ್ ಕಳ್ಸ್ದೆ. ಅವ್ರ್ ತಿರ್ಗಿ ಬಂದ್ ಸಮಾ ಬೈದ್ರ್.”

ಸೆಲ್ಫ್ ಅಂದರೆ ಗುಂಡಿ ಒತ್ತಿದಾಗ ಇಂಜಿನ್ನನ್ನು ತಿರುಗಿಸಿ ಶುರು ಮಾಡುವ ಸಣ್ಣ ಮೋಟಾರು. ಅದು ‘ತೆಗೆದುಕೊಳ್ಳದಿದ್ದರೆ’ ಗಾಡಿ ಏಳುವುದಿಲ್ಲ. ನಾನು ಅಶ್ವಿನಿಗೆ ಕೇಳುವ ಹಾಗೆ ನಗಲಿಲ್ಲ. ಫೋನ್ ಇಟ್ಟ ಮೇಲೆ ನಕ್ಕೆ, ಅದು ಬೇರೆ ಮಾತು. ಅವಳಿಗೆ ಹೇಳಿದ್ದು ಇಷ್ಟೇ: “ನೀನ್ ಮೊಬೈಲ್ ಅಂಗ್ಡಿಗ್ ಕಳ್ಸಿದ್ದ್ ಎಂತ ದೊಡ್ಡದಲ್ಲ. ನಾನ್ ಮಾಡಿದ್ದೆಲ್ಲ ಬರ್ದ್ ಕೊಡ್ತೆ, ಓದ್ ಸಮಾಧಾನ ಮಾಡ್ಕೊ.” ಹಾಗಾಗಿ ಬರೆಯುತ್ತಿದ್ದೇನೆ. ಇಂಥ ಕೌಂಟರಿಗೆ ಹೊಸದಾಗಿ ಬಂದು ನಿಲ್ಲುವವರು ಯಾರು ಓದಿದರೂ ಅಡ್ಡಿಯಿಲ್ಲ.

ನಾನು ಸೇರಿದಾಗ ಅದು ಜವಳಿ ಅಂಗಡಿ. ಕುಂಭಾಶಿಯ ಮನೆಯಲ್ಲೇ ಹೊಲಿಗೆ ಕಲಿತು ಅಕ್ಕಪಕ್ಕದವರಿಗೆ ರವಿಕೆ ಹೊಲಿದುಕೊಡುತ್ತಿದ್ದ ನನ್ನನ್ನು ರವಿಕೆ ಬಟ್ಟೆಯ ವಿಭಾಗಕ್ಕೆ ತೆಗೆದುಕೊಂಡವರು ಅಂಗಡಿಯ ಧಣಿ ವಿಠಲ ಪೈಗಳು. ಊರಿಗೆಲ್ಲ ಪೈ ಮಾಮ್. ನಾನು ಸೇರಿದ ವರ್ಷವೇ ಅವರಿಗೆ ಇನ್ನು ಮುಂದೆ ಜನ ಬಟ್ಟೆಗಿಂತ ಗಾಡಿಗೆ ಹೆಚ್ಚು ಖರ್ಚು ಮಾಡುತ್ತಾರೆ ಎಂಬ ಜ್ಞಾನೋದಯವಾಯಿತು. ಅಂಗಡಿಯ ನಡುವೆ ಹಲಗೆ ಹೊಡೆಸಿ ಎಡಕ್ಕೆ ಜವಳಿ, ಬಲಕ್ಕೆ ಸ್ಪೇರ್ ಪಾರ್ಟ್ಸ್ ಮಾಡಿದರು. ಬಲಬದಿಗೆಂದು ಎಲ್ಲ ಬಲ್ಲ ಒಬ್ಬರನ್ನು ಕರೆತಂದಿದ್ದರು. ಅವರು ಮೂರನೇ ವಾರ ಮುಂಬಯಿಯ ಬಸ್ಸು ಹತ್ತಿದರು.

“ಸರೋಜ, ನೀನ್ ಸ್ವಲ್ಪ ದಿನ ಆಚಿ ಬದಿ ನಿಲ್ಲ್,” ಎಂದರು ಪೈ ಮಾಮ್. “ಡಬ್ಬಿ ಮೇಲೆ ಹೆಸ್ರ್ ಇತ್ತ್. ಅವ್ರ್ ಹೆಸ್ರ್ ಹೇಳ್ತ್ರ್, ನೀನ್ ಡಬ್ಬಿ ಕೊಡುದ್. ಬಟ್ಟಿಗಿಂತ ಸುಲಭ. ಅಳತಿ ಮಾಡೂಕಿಲ್ಲೆ, ಕತ್ತರ್ಸೂಕಿಲ್ಲೆ.”

ಮೊದಲ ಗಿರಾಕಿ ಒಬ್ಬ ಬಸ್ಸಿನ ಮೆಕ್ಯಾನಿಕ್. ಮೊಣಕೈವರೆಗೂ ಗ್ರೀಸು.

“ಲೈನಿಂಗ್ ಕೊಡಿ,” ಎಂದ.

ನನಗೆ ಜೀವ ಬಂದ ಹಾಗಾಯಿತು. ಗೊತ್ತಿರುವ ಹೆಸರು! “ಎಂತ ಬಣ್ಣ?” ಎಂದು ಕೇಳಿದೆ.

“ಬಣ್ಣವಾ?” ಅವನು ಸ್ವಲ್ಪ ಹೊತ್ತು ಆಲೋಚಿಸಿದ. “ಬಸ್ಸ್ ಕೆಂಪ್ ಬಣ್ಣದ್. ಹಿಂದ್ಗಡೆದಕ್ಕ್ ಮಾತ್ರ ಬೇಕ್.”

“ಹಿಂದ್ಗಡೆಗ್ ಮಾತ್ರ ಹಾಕ್ರೆ ಚಂದ ಕಾಣತ್ತಾ? ಮುಂದ್ಗಡೆಗೂ ಹಾಕ್ಸಿ.”

“ಮುಂದಿಂದ್ ಹೋದ್ ತಿಂಗ್ಳ್ ಹಾಕ್ಸಿತ್ತ್ ಅಕ್ಕ.”

ನಾನು ಹಲಗೆಯ ಆಚೆ ಓಡಿ ಕೆಂಪು ಲೈನಿಂಗ್ ಬಟ್ಟೆ ಅರ್ಧ ಮೀಟರ್ ಕತ್ತರಿಸಿ ತಂದು ಅವನ ಮುಂದಿಟ್ಟೆ. ಅವನು ಬಹಳ ಒಳ್ಳೆಯ ಮನುಷ್ಯ. ಹೊಸ ಅಂಗಡಿಯಲ್ಲಿ ಕೈ ಒರೆಸಿಕೊಳ್ಳಲು ಬಟ್ಟೆ ಕೊಡುವ ಮರ್ಯಾದೆ ಇಟ್ಟಿದ್ದಾರೆ ಎಂದುಕೊಂಡು ಎರಡೂ ಕೈಗಳನ್ನು ಅದಕ್ಕೆ ಚೆನ್ನಾಗಿ ಒರೆಸಿದ. ಆಮೇಲೆ, “ಉಪಕಾರ ಆಯ್ತ್. ಇನ್ನ್ ಲೈನಿಂಗ್ ಕೊಡಿ,” ಎಂದ.

ಬ್ರೇಕು ಒತ್ತಿದಾಗ ಚಕ್ರದ ಒಳಮೈಗೆ ತಾಗಿ ಅದನ್ನು ಹಿಡಿದು ನಿಲ್ಲಿಸುವ ಗಟ್ಟಿ ಪಟ್ಟಿಗೂ ಲೈನಿಂಗ್ ಎನ್ನುತ್ತಾರೆಂದು ನನಗೆ ತಿಳಿದದ್ದು ಹೀಗೆ. ಅವತ್ತು ಸಂಜೆ ಕುಳಿತು ಡಬ್ಬಿಗಳ ಹೆಸರು ಓದಿದೆ. ಸ್ಲೀವ್ ಇತ್ತು, ಕಾಲರ್ ಇತ್ತು, ಬೆಲ್ಟ್ ಇತ್ತು. ಪಿಸ್ಟನ್ನಿನ ಕೆಳಭಾಗಕ್ಕೆ ಸ್ಕರ್ಟ್ ಅನ್ನುತ್ತಾರೆಂದು ಪಟ್ಟಿಯೊಂದರಲ್ಲಿ ಚಿತ್ರಸಮೇತ ಬರೆದಿತ್ತು. ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ, “ಇಂಜಿನ್ನಿಗೂ ತೋಳ್, ಕಾಲರ್, ಲಂಗ ಎಲ್ಲಾ ಇತ್ತ್ ಅಮ್ಮ.”

“ಹಂಗಾರೆ ನಿಂಗ್ ಗೊತ್ತಿಪ್ಪುದೇ ಅಲ್ದಾ? ಹೆದ್ರ್ಬೇಡ,” ಎಂದರು ಅಮ್ಮ.

ಹೆದರಬೇಕಿತ್ತು. ನಾಲ್ಕನೇ ತಿಂಗಳಲ್ಲಿ ಒಂದೇ ಬೆಳಿಗ್ಗೆ ಮೂರು ಫೋನ್ ಬಂದವು. ಗಂಗೊಳ್ಳಿಯಿಂದ ಒಂದು, ಬೈಂದೂರಿನಿಂದ ಒಂದು, ಬ್ರಹ್ಮಾವರದಿಂದ ಒಂದು. ಮೂವರೂ ಕೇಳಿದ್ದು ಒಂದೇ: “ಪಂಪಿನ ವಾಶರ್ ಸೆಟ್ ಕಳ್ಸಿ.” ಆಗೆಲ್ಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೊಟ್ಟಣ ಕೊಟ್ಟರೆ ಊರು ಮುಟ್ಟುತ್ತಿತ್ತು. ನಾನು ಕಪಾಟಿನಲ್ಲಿದ್ದ ‘ಪಂಪ್’ ಎಂಬ ಡಬ್ಬಿಯಿಂದ ಮೂರು ಸೆಟ್ ತೆಗೆದು, ಮೂರು ಪೊಟ್ಟಣ ಕಟ್ಟಿ, ಮೂರು ಬಸ್ಸಿಗೆ ಕೊಟ್ಟೆ. ಎಷ್ಟು ಬೇಗ ಕೆಲಸ ಮುಗಿಸಿದೆ ಎಂದು ನನಗೇ ಹೆಮ್ಮೆ.

ಬೈಂದೂರಿನವರು ಲಾರಿಯವರು. ಅವರಿಗೆ ಪಂಪ್ ಎಂದರೆ ಇಂಜಿನ್ನಿಗೆ ಡೀಸೆಲ್ ತಳ್ಳುವ ಪಂಪು. ಡಬ್ಬಿಯಲ್ಲಿದ್ದದ್ದು ಅದರದ್ದೇ ವಾಶರು, ಅವರಿಗೆ ಸರಿಯಾಯಿತು. ಗಂಗೊಳ್ಳಿಯವರದ್ದು ಬೋಟು. ಅಲ್ಲಿ ಪಂಪ್ ಎಂದರೆ ಇಂಜಿನ್ನು ಬಿಸಿಯಾಗದಂತೆ ಸಮುದ್ರದ ನೀರನ್ನು ಎಳೆದು ಹಾಯಿಸುವ ಪಂಪು. ಅವರ ಪೊಟ್ಟಣ ಮರುದಿನ ಅದೇ ಕಂಡಕ್ಟರ್ ಕೈಯಲ್ಲಿ ವಾಪಸು ಬಂತು. ಬ್ರಹ್ಮಾವರದವರು ಗದ್ದೆಯವರು, ಹೆಸರು ಶೀನ ಶೆಟ್ಟರು. ಅವರು ಪೊಟ್ಟಣ ಕಳಿಸಲಿಲ್ಲ. ಸೀಮೆಎಣ್ಣೆಯಲ್ಲಿ ನಡೆಯುವ ತಮ್ಮ ಪಂಪುಸೆಟ್ಟನ್ನೇ ಗದ್ದೆಯಿಂದ ಕಿತ್ತು ಆಟೋದಲ್ಲಿ ಹಾಕಿಕೊಂಡು ಬಂದರು. ಬಲಬದಿಯ ಕೌಂಟರಿನಲ್ಲಿ ಜಾಗ ಕಾಣದೆ ಎಡಬದಿಯಲ್ಲಿ ಪಂಚೆಗಳ ರಾಶಿಯ ಮೇಲೆ, ಕೆಸರು ಸಮೇತ, ಕುಳ್ಳಿರಿಸಿದರು.

“ಹ್ವಾಯ್, ಕಾಣಿ. ಪಂಪ್ ಅಂದ್ರೆ ಇದ್,” ಎಂದರು. “ನೀವ್ ಕಳ್ಸಿದ್ ವಾಶರ್ ನನ್ ಕಿರ್ಬೆರ್ಳಿಗೂ ಹೋತಿಲ್ಲೆ.”

ಪೈ ಮಾಮ್ ಪಂಪನ್ನು ನೋಡಲಿಲ್ಲ. ಪಂಚೆಗಳನ್ನೇ ನೋಡುತ್ತಿದ್ದರು.

ಆದರೆ ನನ್ನ ಕೆಲಸಕ್ಕೇ ಸಂಚಕಾರ ತಂದದ್ದು ಗಂಗೊಳ್ಳಿಯ ಮಾಧವಣ್ಣನ ಪ್ರಕರಣ. ಮಾಧವಣ್ಣನಿಗೆ ಒಂದು ಬೋಟು ಇತ್ತು. ಅವರ ಹೆಂಡತಿ ಸುಶೀಲಕ್ಕ ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ಕುಳಿತು ಮೀನು ಮಾರುತ್ತಿದ್ದರು. ಇಬ್ಬರೂ ನಮಗೆ ಪರಿಚಿತರು. ಒಂದು ಮಧ್ಯಾಹ್ನ ಪೈ ಮಾಮ್ ಊಟಕ್ಕೆ ಹೋಗಿದ್ದಾಗ ಫೋನ್ ಬಂತು. ಮಾತನಾಡಿದ್ದು ಬೋಟು ನಡೆಸುವ ತಾಂಡೇಲ. ಹಿಂದಿನಿಂದ ಗದ್ದಲ, ತಂತಿಯಲ್ಲಿ ಕರಕರ.

“ಮಾಧವಣ್ಣಂದ್ ನಿಂತ್ ಹೋಯ್ತ್! ವಾಲ್ವ್ ಕಟ್ಟಾಯ್ತ್! ಬಿಚ್ಚಿ ಹಾಕಿತ್ತ್! ಪೈ ಮಾಮಂಗ್ ಬೇಗ ಹೇಳಿ!” ಅಷ್ಟರಲ್ಲಿ ಲೈನು ಕಡಿಯಿತು.

ಈಗ ನನ್ನ ಕಡೆಯಿಂದಲೂ ನೋಡಬೇಕು. ಹಿಂದಿನ ತಿಂಗಳಷ್ಟೇ ನಮ್ಮ ದೊಡ್ಡಪ್ಪನಿಗೆ ಹೃದಯದ ವಾಲ್ವ್ ಕೆಟ್ಟು ಆಪರೇಶನ್ ಆಗಿತ್ತು. ಮನೆಯಲ್ಲಿ ಮೂರು ಹೊತ್ತೂ ಅದೇ ಮಾತು. ಮಾಧವಣ್ಣನದ್ದು ನಿಂತು ಹೋಯಿತು, ವಾಲ್ವ್ ಹೋಯಿತು, ಬಿಚ್ಚಿ ಹಾಕಿದ್ದಾರೆ ಎಂದರೆ ನಾನು ಬೇರೆ ಏನು ತಿಳಿಯಲಿ? ಬಾಗಿಲು ಹಾಕದೆ ಮಾರುಕಟ್ಟೆಗೆ ಓಡಿದೆ.

ಸುಶೀಲಕ್ಕ ಬಂಗುಡೆ ಹರಡಿಕೊಂಡು ಕುಳಿತಿದ್ದರು. ಮೆಲ್ಲಗೆ ಹೇಳಬೇಕೆಂದುಕೊಂಡು ಹೋದವಳು ಬಾಯಿಗೆ ಬಂದ ಹಾಗೆ ಹೇಳಿಬಿಟ್ಟೆ: “ಸುಶೀಲಕ್ಕ, ಮಾಧವಣ್ಣಂಗೆ ಹಾರ್ಟ್! ವಾಲ್ವ್ ಹೋಯ್ತಂಬ್ರ್! ಆಪರೇಶನ್ ಮಾಡ್ತಾ ಇದ್ರಂಬ್ರ್!”

ಬುಟ್ಟಿ ಅಲ್ಲೇ ಬಿಟ್ಟು ಅವರು ಎದ್ದು ಓಡಿದರು. ರಸ್ತೆಯಲ್ಲಿ ಸುತ್ತು ಹಾಕಿ ಹೋದರೆ ತಡ ಎಂದು ನದಿ ದಾಟುವ ದೋಣಿ ಹತ್ತಿದರು. ದೋಣಿಯಲ್ಲಿ ಅವರು ಅತ್ತದ್ದು ಕಂಡು ಉಳಿದ ಹೆಂಗಸರೂ ಅತ್ತರು. ದೋಣಿ ಆಚೆ ದಡ ಸೇರುವ ಹೊತ್ತಿಗೆ ಮಾಧವಣ್ಣನ ಗುಣಗಾನ ಅರ್ಧ ಮುಗಿದಿತ್ತಂತೆ.

ಮಾಧವಣ್ಣ ಬಂದರಿನಲ್ಲಿ, ಬಿಚ್ಚಿ ಹಾಕಿದ ಇಂಜಿನ್ನಿನ ಪಕ್ಕ, ಗಂಜಿ ಉಣ್ಣುತ್ತಿದ್ದರು.

ಮುಂದಿನದ್ದನ್ನು ಗಂಗೊಳ್ಳಿಯವರು ಬಹಳ ವರ್ಷ ಹೇಳಿಕೊಂಡು ನಕ್ಕರು. ಸುಶೀಲಕ್ಕ ಮೊದಲು ಗಂಡನ ಎದೆ ಮುಟ್ಟಿ ನೋಡಿದರಂತೆ. ಆಮೇಲೆ ಗಂಜಿಯ ಬಟ್ಟಲು ಕಿತ್ತುಕೊಂಡು, “ನಾನ್ ಬಂಗ್ಡಿ ಎಲ್ಲ ಬೆಕ್ಕಿಗ್ ಬಿಟ್ಟಿಕ್ ಕೂಗ್ತಾ ಬಂದ್ರೆ ನೀವ್ ಇಲ್ಲ್ ಉಂತಾ ಕೂತಿದ್ರಿಯಾ?” ಎಂದು ಬೈದರಂತೆ. ಬದುಕಿರುವುದಕ್ಕೆ ಅಷ್ಟು ಬೈಸಿಕೊಂಡ ಗಂಡಸು ಬೇರೆ ಇರಲಿಕ್ಕಿಲ್ಲ.

ಮರುದಿನ ಮಾಧವಣ್ಣ ಅಂಗಡಿಗೆ ಬಂದರು. ನಾನು ಹಲಗೆಯ ಹಿಂದೆ ಅಡಗಿದೆ.

“ಹ್ವಾಯ್ ಪೈ ಮಾಮ್, ನಂಗೆ ಆಪರೇಶನ್ ಮಾಡ್ಸಿದ್ ಹೆಣ್ಣ್ ಎಲ್ಲಿತ್ತ್?”

ಪೈ ಮಾಮ್ ನನ್ನನ್ನು ಎಳೆದು ತಂದು ಮುಂದೆ ನಿಲ್ಲಿಸಿದರು. ನನ್ನ ಕಣ್ಣಲ್ಲಿ ನೀರು. ಮಾಧವಣ್ಣ ನನ್ನ ಮುಖ ನೋಡಿ ದನಿ ಇಳಿಸಿದರು.

“ಕೂಗ್ಬೇಡ ಹೆಣ್ಣೇ. ನಾನ್ ಬೈಯುಕೆ ಬರ್ಲಿಲ್ಲೆ. ಮದ್ವಿ ಆಯ್ ಇಪ್ಪತ್ತ್ ವರ್ಷ ಆಯ್ತ್. ನಿನ್ನೆ ಅವ್ಳ್ ದೋಣಿ ನಿಲ್ಲು ಧಕ್ಕೆಯಿಂದ್ಲೇ ‘ಮಾಧವಾ’ ಅಂದ್ ನನ್ನ ಹೆಸ್ರ್ ಹಿಡ್ದ್ ಕೂಗ್ಕಂಡ್ ಬಂದ್ಳ್. ನನ್ನ ಹೆಸ್ರ್ ಅವ್ಳಿಗ್ ಗೊತ್ತಿತ್ತ್ ಅಂತೇಳಿ ನಂಗೆ ನಿನ್ನೆಯೇ ಗೊತ್ತಾದ್ದ್.” ಹೇಳುತ್ತ ಹೇಳುತ್ತ ಅವರ ಮುಖ ಕೆಂಪಾಯಿತು. ಆಮೇಲೆ, “ಈಗ ವಾಲ್ವ್ ಕೊಡಿ. ಇಂಜಿನ್ನಿಂದ್,” ಎಂದರು.

ಮಾಧವಣ್ಣ ಕ್ಷಮಿಸಿದರೂ ಪೈ ಮಾಮ್ ಕ್ಷಮಿಸಲಿಲ್ಲ. “ಇನ್ನ್ ಮೇಲೆ ಫೋನ್ ಮುಟ್ಬೇಡ,” ಎಂದು ನನ್ನನ್ನು ಮತ್ತೆ ರವಿಕೆ ಬಟ್ಟೆಗೆ ಕಳಿಸಿದರು. ಆ ತಿಂಗಳು ಮುಗಿದ ಮೇಲೆ ನಾನು ಬರಬೇಕಾಗಿಲ್ಲ ಎಂದು ಹಲಗೆಯ ಆಚೆ ಯಾರಿಗೋ ಹೇಳಿದ್ದೂ ನನ್ನ ಕಿವಿಗೆ ಬಿತ್ತು. ಅಮ್ಮನಿಗೆ ಹೇಳಲಿಲ್ಲ.

ಅಂಗಡಿಯ ಹಿಂದೆ ಇಸ್ಮಾಯಿಲ್ ಸಾಹೇಬರ ಗ್ಯಾರೇಜು ಇತ್ತು. ವಯಸ್ಸಾದವರು, ಮಾತು ಕಡಿಮೆ. ಆ ದಿನಗಳಲ್ಲಿ ಚಹಾದ ಹೊತ್ತಿಗೆ ಹೋಗಿ ಅವರ ಹತ್ತಿರ ನಿಲ್ಲುತ್ತಿದ್ದೆ. ಕೆಲಸ ಹೋಗುವುದಾದರೂ ಹೋಗಲಿ, ಈ ವಾಲ್ವ್ ಎಂಬುದು ಹೇಗಿರುತ್ತದೆಂದು ಒಮ್ಮೆ ನೋಡಿಯೇ ಹೋಗುತ್ತೇನೆ ಎಂಬ ಹಟ. ಅವರು ಒಂದು ವಾಲ್ವ್ ತಂದು ನನ್ನ ಅಂಗೈ ಮೇಲಿಟ್ಟರು. ಉದ್ದ ಕಾಲಿನ ಅಣಬೆಯ ಹಾಗಿತ್ತು.

“ಇದ್ ಬಾಗ್ಲ್ ಅಷ್ಟೇ. ತೆಗಿತ್ತ್, ಹಾಕತ್ತ್,” ಎಂದರು. “ಮನ್ಷರಗೂ ಬಾಗ್ಲೇ, ಇಂಜಿನ್ನಗೂ ಬಾಗ್ಲೇ. ಜನ ಹೇಳು ಹೆಸ್ರ್ ಹಿಡ್ಕಂಡ್ ಓಡ್ಬೇಡ ಸರೋಜ. ಗಂಗೊಳ್ಳಿಯವ್ರ್ ಒಂದ್ ಹೇಳ್ತ್ರ್, ಬೈಂದೂರವ್ರ್ ಒಂದ್ ಹೇಳ್ತ್ರ್. ನೀನ್ ಮೂರ್ ಕೇಳ್. ಎಂತದ್ರದ್ದ್? ಯಾವಾಗ ತೊಂದ್ರೆ ಕೊಡತ್ತ್? ಎಂತ ಮಾಡ್ರೆ ಕಮ್ಮಿ ಆತ್ತ್? ಅಷ್ಟ್ ಕೇಳ್ರೆ ಹೆಸ್ರೇ ಬ್ಯಾಡ.”

ಈ ನಡುವೆ ಫೋನು ಪೈ ಮಾಮರ ಕೈಯಲ್ಲಿತ್ತು. ಅವರಿಗೆ ಎರಡು ಅಭ್ಯಾಸ: ಬೆಳಿಗ್ಗೆ ಪೇಪರು ಓದುವುದು, ಓದುತ್ತಲೇ ಫೋನಿನಲ್ಲಿ ಮಾತನಾಡುವುದು. ಒಂದು ಬೆಳಿಗ್ಗೆ ಬೈಂದೂರಿನ ಬಸ್ಸಿನವರ ಫೋನ್. ಹಲಗೆಯ ಈಚೆ ನಿಂತ ನನಗೆ ಪೈ ಮಾಮರ ಮಾತು ಮಾತ್ರ ಕೇಳಿಸುತ್ತಿತ್ತು.

“ಗವರ್ನರ್ ಕೆಲ್ಸ ಮಾಡ್ತಿಲ್ಯಾ? ಅಯ್ಯೋ, ಯಾವ್ ಗವರ್ನರ್ ಕೆಲ್ಸ ಮಾಡ್ತ್ರ್ ಮಾರಾಯ್ರೆ? ... ಬದ್ಲ್ ಮಾಡ್ಕಾ? ಅದ್ ನಮ್ಮ ಕೈಯಗಿತ್ತಾ? ದಿಲ್ಲಿಯಿಂದ ಆಯ್ಕ್ ... ಎಂತ? ನಮ್ಮ ಅಂಗ್ಡಿಯಗೆ ಇತ್ತಾ? ನಮ್ಮ ಅಂಗ್ಡಿಗೆ ಗವರ್ನರ್ ಎಂತಕ್ ಬಪ್ಪುದ್?”

ಇಂಜಿನ್ನು ಅಳತೆ ಮೀರಿ ಓಡದಂತೆ ಡೀಸೆಲನ್ನು ಹಿಡಿತದಲ್ಲಿಡುವ ಭಾಗಕ್ಕೂ ಗವರ್ನರ್ ಎನ್ನುತ್ತಾರೆ. ಅದು ಪೈ ಮಾಮರಿಗೂ ಗೊತ್ತಿತ್ತು. ಆದರೆ ಅವತ್ತಿನ ಪೇಪರಿನ ಮೊದಲ ಪುಟದಲ್ಲಿ ಇನ್ನೊಬ್ಬ ಗವರ್ನರ್ ಇದ್ದರು. ಹತ್ತು ನಿಮಿಷ ರಾಜಕೀಯ ಕೇಳಿದ ಆ ಬಸ್ಸಿನವರು ಕೊನೆಗೆ ಭಟ್ಕಳದಿಂದ ತರಿಸಿಕೊಂಡರಂತೆ. ಮರುವಾರ ಬ್ರಹ್ಮಾವರದ ಮೇಷ್ಟ್ರೊಬ್ಬರು ಸ್ಕೂಟರಿನಲ್ಲಿ ಮಿಸ್ಸಿಂಗ್ ಇದೆ ಎಂದರು. ಇಂಜಿನ್ನು ನಡುನಡುವೆ ಮುಗ್ಗರಿಸುತ್ತದೆ ಎಂದು ಅವರ ಅರ್ಥ. ಪೈ ಮಾಮ್ ಪೇಪರಿನಿಂದ ಕಣ್ಣು ತೆಗೆಯದೆ, “ಪೊಲೀಸ್ ಕಂಪ್ಲೇಂಟ್ ಕೊಟ್ರ್ಯಾ?” ಎಂದು ಕೇಳಿದರು.

ತಿಂಗಳ ಕೊನೆಯ ದಿನ ಪೈ ಮಾಮ್ ಹಲಗೆಯ ಹತ್ತಿರ ಬಂದು ನಿಂತರು. ನಾನು ಚೀಲ ತೆಗೆದುಕೊಂಡು ಸಿದ್ಧಳಾಗಿದ್ದೆ.

“ಎಲ್ಲ್ ಹೊರ್ಟೆ? ನಾಳಿಂದ ಆಚಿ ಬದಿ ನಿಲ್ಲ್. ಫೋನೂ ನೀನೇ ತಕೊ,” ಎಂದರು. ಗವರ್ನರ್ ಹೆಸರು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಲ್ಲಿಂದ ನಾನು ಇಸ್ಮಾಯಿಲ್ ಸಾಹೇಬರ ಮೂರು ಪ್ರಶ್ನೆ ಕೇಳದೆ ಒಂದು ವಾಶರೂ ಕೊಡಲಿಲ್ಲ. ಬೋರ್ ಮಾಡಿಸಬೇಕು ಎಂದವರಿಗೆ ಸಿಲಿಂಡರು ಕೊರೆಸುವುದೋ, ತೋಟದಲ್ಲಿ ಬಾವಿ ಕೊರೆಸುವುದೋ ಎಂದು ಕೇಳಿದೆ. ಬೈಂದೂರಿನ ಕಡೆಯ ಅಜ್ಜನೊಬ್ಬರು ‘ಮೋಟಾರು ಹಾಳಾಯ್ತು’ ಎಂದರೆ ಅದು ಪಂಪೂ ಅಲ್ಲ, ಸೆಲ್ಫೂ ಅಲ್ಲ, ಅವರು ಬಂದ ಬಸ್ಸು ಹೆಮ್ಮಾಡಿ ಸೇತುವೆಯ ಹತ್ತಿರ ಕೆಟ್ಟು ನಿಂತಿದೆ ಎಂದು ಎರಡನೇ ಪ್ರಶ್ನೆಗೆ ಗೊತ್ತಾಯಿತು. ಎಲ್ಲರಿಗೂ ಇದು ಹಿಡಿಸಲಿಲ್ಲ. “ಈ ಹೆಂಗ್ಸ್ ಪೊಲೀಸ್ರ್ ಕಣೆಗೆ ಕೇಳತ್ತ್,” ಎಂದು ಪೈ ಮಾಮರಲ್ಲಿ ದೂರಿದವರಿದ್ದಾರೆ. ಪೈ ಮಾಮ್ ಎಷ್ಟೋ ಸಲ ಗದರಿದರು, “ಗಿರಾಕಿ ಕೇಳಿದ್ದ್ ಕೊಡುದ್ ನಮ್ಮ್ ಕೆಲ್ಸ. ವಿಚಾರಣೆ ಮಾಡುದಲ್ಲ.” ಆದರೆ ಕಂಡಕ್ಟರ್ ಕೈಯಲ್ಲಿ ಪೊಟ್ಟಣ ವಾಪಸು ಬರುವುದು ನಿಂತಿತ್ತು. ಅದನ್ನು ಅವರು ಬಾಯಿ ಬಿಟ್ಟು ಹೇಳಿದವರಲ್ಲ.

ವರ್ಷಗಳು ಕಳೆದವು. ಜವಳಿ ಮುಚ್ಚಿತು, ಹಲಗೆ ಹೋಯಿತು, ಅಂಗಡಿಯೆಲ್ಲ ಸ್ಪೇರ್ ಪಾರ್ಟ್ಸ್ ಆಯಿತು. ಮೇಲೆ ಅಟ್ಟದಲ್ಲಿ ಸಾಮಾನು ತುಂಬಿಸಿದೆವು. ಅಟ್ಟಕ್ಕೆ ಹದಿನಾರು ಮೆಟ್ಟಿಲು. ಪೈ ಮಾಮರಿಗೆ ಅರುವತ್ತು ದಾಟಿದ್ದರೂ ಮೇಲಿನ ಡಬ್ಬಿ ತಾವೇ ತರಬೇಕು. ಒಂದು ಮಳೆಗಾಲದಲ್ಲಿ ಅವರು ಮೆಟ್ಟಿಲ ನಡುವೆ ನಿಂತು, “ಪಿಕಪ್ಪೇ ಇಲ್ಲೆ ಮಾರಾಯ್ತಿ,” ಎನ್ನತೊಡಗಿದರು. ಏರಿನಲ್ಲಿ ಎಳೆಯಲು ಬಲ ಸಾಲದ ಗಾಡಿಗೆ ಹೇಳುವ ಮಾತು ಅದು. ನಾವೆಲ್ಲ ನಗುತ್ತಿದ್ದೆವು. ಅಂಗಡಿಯಲ್ಲಿ ಎಲ್ಲರೂ ಹಾಗೆಯೇ ಮಾತನಾಡುತ್ತಿದ್ದೆವು. ಹಸಿವಾದರೆ ಡೀಸೆಲ್ ಮುಗಿಯಿತು, ನಿದ್ದೆ ಬಂದರೆ ಬ್ಯಾ‌ಟರಿ ಇಳಿಯಿತು.

ಒಂದು ಮಧ್ಯಾಹ್ನ ಬೈಂದೂರಿನ ಲಾರಿ ಚಾಲಕ ನಾಗಪ್ಪಣ್ಣ ಕೌಂಟರಿನಲ್ಲಿದ್ದರು. ಲಾರಿಗೆ ಪಿಕಪ್ ಇಲ್ಲ ಎಂಬ ದೂರು. ನಾನು ಕಾಗದ ಪೆನ್ನು ಹಿಡಿದು ಪ್ರಶ್ನೆ ಶುರು ಮಾಡಿದ್ದೆ. ಪೈ ಮಾಮ್ ಅಟ್ಟದಿಂದ ಡಬ್ಬಿ ತರಲು ಹತ್ತಿದವರು ನಾಲ್ಕನೇ ಮೆಟ್ಟಿಲ ಮೇಲೆ ಕುಳಿತರು.

“ಅವ್ನ್ ಲಾರಿದ್ ಬರ್ದಾದ್ ಮೇಲೆ ನಂದೂ ಬರ್ಕೊ. ಅದೇ ಕಂಪ್ಲೇಂಟ್,” ಎಂದರು.

ನಾಗಪ್ಪಣ್ಣ ನಕ್ಕರು. ನಾನೂ ನಗುತ್ತಲೇ, ಬಾಯಿಗೆ ಅಭ್ಯಾಸವಾದದ್ದರಿಂದ, ಕೇಳಿದೆ. “ಏರಗೆ ಮಾತ್ರವಾ, ಸಮ ರಸ್ತಿಯಗೂ ಇತ್ತಾ?”

“ಏರಗೆ ಮಾತ್ರ.”

“ಲೋಡ್ ಇಪ್ಪೊತ್ತಿಗಾ, ಖಾಲಿ ಇಪ್ಪೊತ್ತಿಗಾ?”

“ಡಬ್ಬಿ ಹೊತ್ಕಂಡ್ ಹತ್ತುವತ್ತಿಗ್ ಜಾಸ್ತಿ.”

“ನಿಲ್ಸ್ರೆ?”

“ನಿಂತ್ಕಂಡ್ರೆ ಎರಡ್ ನಿಮಿಷದಗೆ ಸಮಾ ಆತ್ತ್.”

“ಎಷ್ಟ್ ದಿನದಿಂದ?”

“ತಿಂಗ್ಳ್ ಮೇಲಾಯ್ತ್.” ಪೈ ಮಾಮ್ ನಗುತ್ತಿರಲಿಲ್ಲ. “ಎದಿ ಹಿಡ್ದಾಂಗ್ ಆತ್ತ್. ಎಡ್ಗೈಯೂ ಸ್ವಲ್ಪ ಜೋಮ್ ಹಿಡಿತ್ತ್.”

ನಾನು ಪೆನ್ನು ಕೆಳಗಿಟ್ಟೆ. ಮೊದಲು ಮಾತನಾಡಿದ್ದು ನಾಗಪ್ಪಣ್ಣ. “ಪೈ ಮಾಮ್, ಇದ್ ಗ್ಯಾರೇಜಿನ್ ಕೇಸ್ ಅಲ್ಲ. ಡಾಕ್ಟ್ರ್ ಹತ್ರ ಹೋಪ.”

“ಸಂಜಿಗ್ ಕಾಂಬ. ಗಿರಾಕಿ ಬಪ್ಪು ಹೊತ್ತ್.”

ನಾನು ಹೋಗಿ ಶಟರ್ ಎಳೆದೆ. ನನ್ನ ಕೆಲಸದ ಅವಧಿಯಲ್ಲಿ ಆ ಅಂಗಡಿ ಹಗಲು ಮುಚ್ಚಿದ್ದು ಅದೇ ಮೊದಲು. ಪೈ ಮಾಮ್ ಮೆಟ್ಟಿಲ ಮೇಲಿಂದಲೇ ಕಿರುಚಿದರು. “ಶಟರ್ ಎಂತಕ್ ಎಳ್ದೆ? ಅಂಗ್ಡಿ ನಿಂದಾ, ನಂದಾ?”

“ನಿಮ್ದೇ ಮಾಮ್. ನಾಳಿಕೂ ನಿಮ್ದೇ ಆಯ್ಕಲ್ದಾ?”

ಅವರು ನನ್ನ ಮುಖ ನೋಡಿದರು. ಆಮೇಲೆ ಏಳಲು ನಾಗಪ್ಪಣ್ಣನ ಕಡೆಗೆ ಕೈ ಚಾಚಿದರು.

ಆ ಹೊತ್ತಿಗೆ ಸಿಕ್ಕಿದ್ದು ನಾಗಪ್ಪಣ್ಣನ ಲಾರಿಯೇ. ಪೈ ಮಾಮರನ್ನು ಎತ್ತಿ ಹತ್ತಿಸಿದರು, ನಾನು ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡೆ. ಲಾರಿಗೂ ಪಿಕಪ್ ಇಲ್ಲ, ಒಳಗೆ ಕುಳಿತವರಿಗೂ ಇಲ್ಲ. ಸಣ್ಣ ಏರು ಬಂದಾಗೆಲ್ಲ ಇಬ್ಬರೂ ಏದುಸಿರು ಬಿಡುತ್ತಿದ್ದರು. ಊರಿನ ಡಾಕ್ಟರು ಪೈ ಮಾಮರನ್ನು ಮಲಗಿಸಿ ಕೇಳಿದರು: ಮೆಟ್ಟಿಲು ಹತ್ತುವಾಗ ಮಾತ್ರವಾ? ಭಾರ ಎತ್ತಿದರೆ ಜಾಸ್ತಿಯಾ? ನಿಂತರೆ ಕಡಿಮೆಯಾಗುತ್ತದಾ? ಎಷ್ಟು ದಿನದಿಂದ? ಪೈ ಮಾಮ್ ಮಲಗಿದ್ದಲ್ಲಿಂದಲೇ ಕತ್ತು ತಿರುಗಿಸಿ ನನ್ನನ್ನು ನೋಡಿದರು.

“ಈ ಕೋರ್ಸ್ ನೀನ್ ಎಲ್ಲ್ ಮಾಡ್ದೆ?” ಎಂದರು.

ಅಲ್ಲಿಂದ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮನೆಯವರೆಲ್ಲ ಬಂದರು. ರಾತ್ರಿಯಾಗುವುದರೊಳಗೆ ಪರೀಕ್ಷೆಯೆಲ್ಲ ಮುಗಿದು, ಎರಡು ಬ್ಲಾಕ್ ಇದೆ, ಒಂದು ವಾರ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು. ಮಂಪರಿನಲ್ಲಿದ್ದ ಪೈ ಮಾಮ್ ಕಣ್ಣು ಅರ್ಧ ತೆರೆದು, “ಸಿಲಿಂಡರ್ ಬ್ಲಾಕಾ? ನಮ್ಮಲ್ಲಿ ಸ್ಟಾಕ್ ಇಲ್ಲೆ, ತರ್ಸ್ಕ್,” ಎಂದರಂತೆ. ಅವರ ಮಗಳು ಅಳುವುದನ್ನು ಬಿಟ್ಟು ನಕ್ಕದ್ದು ಆಗ.

ಒಂದೂವರೆ ತಿಂಗಳ ಮೇಲೆ ಅವರು ಅಂಗಡಿಗೆ ಬಂದರು. ನನಗೆ ಉಪಕಾರ ಎಂದು ಹೇಳಲಿಲ್ಲ. ಹೇಳುತ್ತಾರೆಂದು ನಾನು ಕಾದಿದ್ದೆನೋ ಏನೋ, ಸ್ವಲ್ಪ ಬೇಸರವೂ ಆಯಿತು. ಹತ್ತು ಗಂಟೆಗೆ ಗಿರಾಕಿಯೊಬ್ಬರು ಬಂದು ಫಿಲ್ಟರ್ ಕೇಳಿದರು. ನಾನು ತೆಗೆಯಲು ಹೊರಟೆ. ಪೈ ಮಾಮ್ ಕೈ ಅಡ್ಡ ಹಿಡಿದರು.

“ತಡಿ. ಎಂತದ್ರದ್ದ್? ಯಾವಾಗ ತೊಂದ್ರೆ ಕೊಡತ್ತ್? ಎಂತ ಮಾಡ್ರೆ ಕಮ್ಮಿ ಆತ್ತ್?” ಎಂದು ಗಿರಾಕಿಯನ್ನು ಕೇಳಿದರು. ಅವತ್ತಿನಿಂದ ಅವರು ಎಲ್ಲರನ್ನೂ ಕೇಳತೊಡಗಿದರು. ಚಹಾ ತಂದವನನ್ನು ಕೇಳಿದರು, ಪೋಸ್ಟಿನವರನ್ನು ಕೇಳಿದರು. “ಒಬ್ಳೇ ಇಪ್ಪೊತ್ತಿಗ್ ಅಡ್ಡಿ ಇರ್ಲಿಲ್ಲೆ, ಈಗ ಇಬ್ರ್ ಪೊಲೀಸ್ರ್,” ಎಂದು ನಾಗಪ್ಪಣ್ಣ ಊರೆಲ್ಲ ಹೇಳಿಕೊಂಡು ಬಂದರು. ಆಮೇಲೂ ಹನ್ನೊಂದು ವರ್ಷ ಪೈ ಮಾಮ್ ದಿನಾ ಅಂಗಡಿಗೆ ಬಂದರು. ಅಟ್ಟ ಮಾತ್ರ ಹತ್ತಲಿಲ್ಲ. ಈಗ ಅಂಗಡಿ ನಡೆಸುತ್ತಿರುವುದು ಅವರ ಮಗಳು.

ಕೊನೆಯ ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ಈಗ ಯಾರೂ ಹೆಸರು ಹೇಳುವುದಿಲ್ಲ, ವಾಟ್ಸ್ಯಾಪಿನಲ್ಲಿ ಫೋಟೋ ಹಾಕುತ್ತಾರೆ. ಇನ್ನು ತಪ್ಪುವುದಕ್ಕೆ ಅವಕಾಶವೇ ಇಲ್ಲ ಎಂದು ಮೊದಲು ನನಗೂ ಅನಿಸಿತ್ತು. ಆದರೆ ಫೋಟೋದಲ್ಲಿ ಸಾಮಾನಿಗಿಂತ ಹೆಬ್ಬೆರಳೇ ದೊಡ್ಡದಾಗಿರುತ್ತದೆ. ಗಂಗೊಳ್ಳಿಯಿಂದ ಒಬ್ಬರು ಬೋಟಿನ ಕತ್ತಲೆಯಲ್ಲಿ ತೆಗೆದು ಕಳಿಸಿದ ಫೋಟೋವನ್ನು ಅಂಗಡಿಯ ನಾವು ಮೂವರು ಅರ್ಧ ಗಂಟೆ ತಿರುಗಿಸಿ ತಿರುಗಿಸಿ ನೋಡಿದೆವು. ಕೊನೆಗೆ ಫೋನ್ ಮಾಡಿ ಕೇಳಿದಾಗ ಅದು ಅವರ ಹಿಮ್ಮಡಿ ಎಂದು ತಿಳಿಯಿತು. ಆದ್ದರಿಂದ ಅಶ್ವಿನಿ, ಫೋಟೋ ಬಂದರೂ ಫೋನ್ ಮಾಡು.

ನಿವೃತ್ತಳಾದ ಮೇಲೆ ನಾನೊಂದು ಸ್ಕೂಟರ್ ತೆಗೆದುಕೊಂಡೆ. ಅಷ್ಟು ವರ್ಷ ಗಾಡಿಗಳ ನಡುವೆ ಇದ್ದೂ ಸ್ವಂತದ್ದು ಇದೇ ಮೊದಲು. ಮೊನ್ನೆ ಕೋಟೇಶ್ವರದ ಹತ್ತಿರ ಅದು ಏನೋ ಸದ್ದು ಮಾಡತೊಡಗಿತು. ರಸ್ತೆ ಬದಿಯ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಅಷ್ಟರಲ್ಲಿ ಸದ್ದೂ ನಿಂತಿತ್ತು. ಮೂವತ್ತೈದರ ಆಸುಪಾಸಿನ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದರು.

“ಎಂತ ಆಯ್ತ್ ಅಕ್ಕ?”

ನಾನು ಬಾಯಿ ತೆರೆದೆ. ಪ್ಲಗ್ಗು, ಬೆಲ್ಟು, ಕ್ಲಚ್ಚು, ಬೇರಿಂಗು, ಎಲ್ಲ ಹೆಸರೂ ನಾಲಿಗೆಯ ತುದಿಗೆ ಒಟ್ಟಿಗೆ ನುಗ್ಗಿ ಬಂದು ಒಂದೂ ಹೊರಗೆ ಬರಲಿಲ್ಲ. “ಎಂತದೋ ಒಂದ್ ಶಬ್ದ,” ಎಂದೆ.

“ಎಂತ ನಮ್ನಿ ಶಬ್ದ?”

“ಹೇಳುಕ್ ಬತ್ತಿಲ್ಲೆ.”

“ಹೇಳುದ್ ಬ್ಯಾಡ, ಮಾಡಿ ತೋರ್ಸಿ,” ಎಂದರು ಅವರು, ತಮಾಷೆಯ ಗುರುತೂ ಇಲ್ಲದ ಮುಖದಲ್ಲಿ.

ಬಸ್ಸಿಗೆ ಕಾಯುತ್ತ ಆರೇಳು ಜನ ನಿಂತಿದ್ದರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಸೆರಗು ಸರಿಮಾಡಿಕೊಂಡು ಮಾಡಿದೆ. “ಗರ್ರ್ರ್ರ್... ಟಿಕ್. ಗರ್ರ್ರ್ರ್... ಟಿಕ್.”

ಅವರು ಕಣ್ಣು ಮುಚ್ಚಿ, ತಲೆ ಒಂದು ಬದಿಗೆ ಓರೆ ಮಾಡಿ ಪೂರ್ತಿ ಕೇಳಿದರು. ಆಮೇಲೆ ಕಣ್ಣು ತೆರೆಯದೆಯೇ ಹೇಳಿದರು:

“ಇನ್ನೊಂದ್ ಸಲ ಮಾಡಿ ಅಕ್ಕ. ಈ ಸಲ ಸ್ವಲ್ಪ ಎಕ್ಸಲೇಟರ್ ಕೊಡಿ.”

ನಾನು ಕೊಟ್ಟೆ.